ಕಮಿಷನರ್ ತೀದಾ

ನದಿಯ ನಡುವಿನ ನಮ್ಮ ಜಾಂಜಾಂಬುರೆ ದ್ವೀಪದಲ್ಲಿ ನಿಂತು ‘ಕಮಿಷನರ್’ ಎಂದು ಕೂಗಿದರೆ ತಿರುಗಿ ನೋಡುವವಳು ಒಬ್ಬಳೇ, ನನ್ನ ಎದುರು ಮನೆಯ ತೀದಾ ಸಾನ್ಯಾಂಗ್. ಇಂಗ್ಲಿಷರ ನಿಜವಾದ ಕಮಿಷನರುಗಳು ನಾನು ಲಂಗ ಹಾಕಿಕೊಂಡು ಓಡಾಡುವಾಗಲೇ ಗಂಟುಮೂಟೆ ಕಟ್ಟಿದರು. ಅವರ ಬಂಗಲೆಯ ಚಾವಣಿ ಕುಸಿದು ಈಗ ಒಳಗೆ ಆಡುಗಳು ಮಲಗುತ್ತವೆ. ಆದರೆ ಈ ಕಮಿಷನರ್ ಹೋದ ಮಳೆಗಾಲದವರೆಗೂ ಊರಿನ ಒಂದು ಮದುವೆಯನ್ನಾಗಲಿ ಒಂದು ನಾಮಕರಣವನ್ನಾಗಲಿ ತಪ್ಪಿಸಿದ್ದಿಲ್ಲ.

ಸತ್ತ ಗಂಡನ ಖಾಕಿ ಚಡ್ಡಿ, ಹೆಗಲಿಗೆ ಮರದ ಕೋವಿ, ಕೊರಳಲ್ಲಿ ಹರಿದ ಚಪ್ಪಲಿ ಮತ್ತು ಖಾಲಿ ಟೊಮೆಟೊ ಡಬ್ಬಿಗಳ ಹಾರ, ತಲೆಯ ಮೇಲೆ ಬೋರಲು ಹಾಕಿದ ಅರ್ಧ ಸೋರೆಬುರುಡೆ. ಆ ಬುರುಡೆಯೇ ದೊರೆಯ ಟೋಪಿ. ಬಂದವಳೇ ಮದುಮಗನಿಗೆ ಇಟ್ಟಿದ್ದ ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, ದೊರೆಯ ಗತ್ತಿನಲ್ಲಿ ಕೆಮ್ಮಿ, ನೆಂಟರನ್ನು ಸಾಲಾಗಿ ನಿಲ್ಲಿಸಿ ಹೆಸರು ಹಂಚಲು ಶುರುಮಾಡುತ್ತಿದ್ದಳು.

“ನೀನು ಜಾನ್. ನೀನು ಗುರುವಾರ. ನೀನೂ ಜಾನ್. ನೀನ್ಯಾಕೋ ಇಷ್ಟು ಉದ್ದ ಇದೀಯ? ನೀನು ಇಬ್ರು ಜಾನ್! ಮುಂದೆ ನಡಿ, ಮುಂದೆ ನಡಿ, ದೋಣೀಲಿ ಇನ್ನೂ ನೂರು ಜನ ಇದಾರೆ, ನಂಗೆ ಟೀ ಹೊತ್ತಾಯ್ತು.”

ಕೊನೆಗೆ ನನ್ನ ಮುಂದೆ ಬಂದು ಬುರುಡೆ ಎತ್ತಿ ನಮಸ್ಕಾರ ಮಾಡುತ್ತಿದ್ದಳು. “ಮೇಡಮ್, ನಿಮ್ಮ ವಂಶದವ್ರಿಗೆ ಹೆಸರು ಅವತ್ತೇ ಕೊಟ್ಟಾಯ್ತಲ್ಲ. ತಿರುಗಾ ಯಾಕೆ ಬಂದ್ರಿ? ಹಳೇದು ಸವೆದು ಹೋಯ್ತಾ?”

ಊರೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ಮೊದಲ ಸಲ ನನಗೆ ಮೈಯೆಲ್ಲ ಉರಿದು ಹೋಗಿತ್ತು. ನಾನು ಜಾರ್ಜಿಯಾನಾ ರೆನ್ನರ್, ಬಿಡುಗಡೆಯಾದ ಗುಲಾಮರ ಪೀಳಿಗೆಯ ಆಕು ಹೆಂಗಸು, ಮೆಥೋಡಿಸ್ಟ್ ಚರ್ಚಿನ ಬೀಗದ ಕೈ ಇಟ್ಟುಕೊಂಡವಳು, ಈ ಊರಿನ ಅರ್ಧ ಜನಕ್ಕೆ ಅಕ್ಷರ ತಿದ್ದಿಸಿದವಳು. ನಮ್ಮ ಅಜ್ಜನ ಅಜ್ಜನನ್ನು ಇಂಗ್ಲಿಷರು ನಡುಗಡಲಲ್ಲಿ ಗುಲಾಮರ ಹಡಗಿನಿಂದ ಇಳಿಸಿಕೊಂಡು, ನದಿಯ ಮೇಲಕ್ಕೆ ಈ ದ್ವೀಪಕ್ಕೆ ತಂದು, “ನೀನು ಸ್ವತಂತ್ರ” ಎಂದು ಹೇಳಿ ಒಂದು ಸಲಿಕೆ ಕೊಟ್ಟರು. ಹೆಸರು ಕೇಳಿದ ಗುಮಾಸ್ತನಿಗೆ ಆ ಹೆಸರು ನಾಲಿಗೆಯ ಮೇಲೆ ಹೊರಳಲಿಲ್ಲ, ರೆನ್ನರ್ ಎಂದು ಕೂಗಿಬಿಟ್ಟ. ಆ ಮನುಷ್ಯನ ತಾಯಿ ಅವನನ್ನು ಏನೆಂದು ಕರೆಯುತ್ತಿದ್ದಳೋ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನು ಹಿಡಿದು ಇವಳು ನಗಾಡಿದರೆ ನನಗೆ ಹೇಗಾಗಬೇಡ? ಮಾತು ಬಿಟ್ಟೆ. ಆಮೇಲೆ ಅವಳೇ ಒಂದು ಬಟ್ಟಲು ಕಡಲೆಕಾಯಿ ಸಾರು ಹಿಡಿದುಕೊಂಡು ಬಂದು, “ಏನೇ ಇಂಗ್ಲಿಷ್ ರಾಣೀ ಮೊಮ್ಮಗಳೇ, ಇನ್ನೂ ಮೂತಿ ಊದಿಸ್ಕೊಂಡಿದೀಯಾ? ನಾನು ನಿನ್ನನ್ನ ನಗ್ಸೋಕೆ ಮಾಡಿದ್ದಲ್ಲ ಕಣಕ್ಕ. ಮೇಲಿರೋನನ್ನ ನಗ್ಸೋಕೆ” ಎಂದಳು.

ಅದು ನಿಜ. ತೀದಾ ಕುಣಿದದ್ದು ಒಂದು ದಿನವೂ ತಮಾಷೆಗಲ್ಲ. ಅವಳು ಕಾನ್ಯಲೆಂಗ್. ಮಕ್ಕಳು ಹುಟ್ಟಿ ಹುಟ್ಟಿ ಸಾಯುವ ಹೆಂಗಸರನ್ನು ಇಲ್ಲಿನ ಮಾಂಡಿಂಕಾ ಜನಾಂಗದ ಹೆಂಗಸರು ಒಂದು ಗುಂಪಿಗೆ ಸೇರಿಸಿಕೊಳ್ಳುತ್ತಾರೆ. ಅಲ್ಲಿ ಸೇರಿದ ಮೇಲೆ ನಾಚಿಕೆ, ಮಾನ ಎಲ್ಲ ಬಿಡಬೇಕು. ಚಿಂದಿ ಉಟ್ಟು, ಗಂಡಸರ ಹಾಗೆ ನಡೆದು, ಆಡಿನ ಬಾನಿಯಲ್ಲಿ ಉಂಡು, ಡೋಲು ಕೇಳಿದ ಕಡೆ ಹೋಗಿ ಕುಣಿಯಬೇಕು. ದೇವರಿಗೆ ನಗು ಬಂದರೆ ಕೈ ಸಡಿಲವಾಗುತ್ತದೆ, ಹಿಡಿದ ಮಗುವನ್ನು ಬಿಡುತ್ತಾನೆ ಎಂಬುದು ಅವರ ಲೆಕ್ಕ. ನಾನು ಬೈಬಲ್ ಓದಿದವಳು, ನನ್ನ ದೇವರು ಅಷ್ಟು ಸುಲಭವಾಗಿ ನಗುವವನಲ್ಲ. ಆದರೆ ತೀದಾ ನಾಲ್ಕು ಮಕ್ಕಳನ್ನು ಮಣ್ಣಿಗೆ ಕೊಟ್ಟಿದ್ದನ್ನು ನನ್ನ ವರಾಂಡದಿಂದಲೇ ನೋಡಿದ್ದೇನೆ. ನಾಲ್ಕನೆಯದು ಹೋದಾಗ ಅವಳು ಅಳಲಿಲ್ಲ. ಅಂಗಳ ಗುಡಿಸಿದಳು, ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸಿದಳು.

ಐದನೆಯದು ಹೆಣ್ಣು. ಹುಟ್ಟಿದ ದಿನವೇ ಹೆಂಗಸರು ಅದನ್ನು ಹಳೆಯ ಚಾಪೆಯಲ್ಲಿ ಸುತ್ತಿ, ದಡದ ಕಡಲೆಕಾಯಿ ಗೋದಾಮಿನ ಹಿಂದಿನ ತಿಪ್ಪೆಯ ಮೇಲೆ ಎಸೆದ ಹಾಗೆ ಇಟ್ಟರು. ಯಾರಿಗೂ ಬೇಡದ ಕಸ ಎಂದುಕೊಂಡರೆ ಸಾವು ತಿರುಗಿ ನೋಡುವುದಿಲ್ಲವಂತೆ. ಎತ್ತಿಕೊಳ್ಳುವವರು ಹೊರಗಿನವರಾಗಬೇಕು. ಮೊದಲೇ ಹೇಳಿಟ್ಟಿದ್ದರಿಂದ ನಮ್ಮ ಅಮ್ಮ ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು, ಏನೂ ತಿಳಿಯದವಳ ಹಾಗೆ ಆ ದಾರಿಯಲ್ಲಿ ಬಂದು, “ಅಯ್ಯೋ, ಯಾರೋ ಕಸ ಬಿಟ್ಟು ಹೋಗಿದಾರೆ” ಎಂದು ಎತ್ತಿಕೊಂಡಳು. ತೀದಾ ಶುಭಕಾರ್ಯಕ್ಕೆ ಹಂಚುವ ಕೋಲಾ ಬೀಜ ಕೊಟ್ಟು ಆ ಕಸವನ್ನು ಕೊಂಡುಕೊಂಡಳು. ಮಗುವಿಗೆ ಸುಂತುಕುಂಗ್ ಎಂದೇ ಹೆಸರಾಯಿತು, ತಿಪ್ಪೆ ಎಂದು. ನಾವು ಸುಂತು ಎನ್ನುತ್ತೇವೆ.

ಸುಂತು ಉಳಿದಳು. ಉಳಿದಳು ಎಂದ ಮೇಲೆ ತೀದಾಳ ಭಯ ಇಳಿಯಬೇಕಿತ್ತು. ಅದು ಇಮ್ಮಡಿಯಾಯಿತು. ಮಗಳ ಬಗ್ಗೆ ಒಂದು ಒಳ್ಳೆಯ ಮಾತು ಅವಳ ಬಾಯಿಂದ ಬರಲಿಲ್ಲ, ಬೇರೆಯವರ ಬಾಯಿಂದ ಬರಲು ಬಿಡಲಿಲ್ಲ. ಶಾಲೆಯಲ್ಲಿ ಸುಂತುವಿಗೆ ಮೊದಲ ಬಹುಮಾನ ಬಂದ ದಿನ ಕಮಿಷನರ್ ವೇಷದಲ್ಲೇ ಸಭೆಗೆ ಬಂದು, ಬಹುಮಾನದ ಲೋಟವನ್ನು ಕಿತ್ತುಕೊಂಡು ಹಲ್ಲಿನಲ್ಲಿ ಕಚ್ಚಿ ನೋಡಿ, “ಈ ಕಸಕ್ಕೆ ಯಾವನ್ರೀ ಬಹುಮಾನ ಕೊಟ್ಟೋನು? ಕದ್ದಿರ್ತಾಳೆ, ನೋಡ್ಕೊಳ್ಳಿ” ಎಂದಳು. ಸುಂತು ನೆಲ ನೋಡುತ್ತ ನಿಂತಿದ್ದಳು. ಆ ದಿನ ಮನೆಗೆ ಹೋಗದೆ ನನ್ನ ಹಿಂದೆಯೇ ಬಂದಳು.

“ಟೀಚರ್, ನಮ್ಮಮ್ಮಂಗೆ ನನ್ನ ಕಂಡ್ರೆ ಆಗಲ್ವಾ?”

“ಭಯ ಕಣೇ ಅವಳಿಗೆ.”

“ನನ್ನ ಕಂಡ್ರೆ ಭಯಾನಾ?”

“ಕಂಡ್ರೆ ಅಲ್ಲ. ಕಾಣದೆ ಹೋದ್ರೆ ಅಂತ.”

ಅವಳಿಗೆ ಅರ್ಥವಾಯಿತೋ ಇಲ್ಲವೋ. ಚೆನ್ನಾಗಿ ಓದಿ ನರ್ಸ್ ಆದಳು, ಸುತ್ತಿ ಸುತ್ತಿ ನಮ್ಮ ದ್ವೀಪದ ಆಸ್ಪತ್ರೆಗೇ ಕೆಲಸಕ್ಕೆ ಬಂದಳು. ಬಾಸ್ಸೆ ಊರಿನಲ್ಲಿ ಮೇಷ್ಟರಾಗಿರುವ ಫೋಡೇ ಎಂಬವನನ್ನು ಮದುವೆಯಾದಳು, ಕೆಲಸಕ್ಕೆಂದು ತಾಯಿಯ ಮನೆಯಲ್ಲೇ ಉಳಿದಳು. ಮೊದಲ ಬಸಿರಿನಲ್ಲಿ ತೀದಾ ಕುಣಿದದ್ದು ನೋಡಬೇಕಿತ್ತು. ನದಿಯ ಎರಡೂ ದಡದ ಯಾವ ಊರಿನಲ್ಲಿ ಡೋಲು ಬಾರಿಸಿದರೂ ಬುರುಡೆ ಹಾಕಿಕೊಂಡು ಹೊರಡುತ್ತಿದ್ದಳು. ಮಗು ಹುಟ್ಟಿತು. ಅಳಲಿಲ್ಲ.

ಹೋದ ವರ್ಷ ಸುಂತು ಮತ್ತೆ ಬಸಿರಾದಳು. ಮಳೆ ಹಿಡಿಯುವ ಮೊದಲು ಒಂದು ಬೆಳಿಗ್ಗೆ ತಾಯಿಯನ್ನು ನನ್ನ ವರಾಂಡಕ್ಕೆ ಕರೆದುಕೊಂಡು ಬಂದು ಕೂರಿಸಿದಳು. ನನ್ನನ್ನು ಸಾಕ್ಷಿಗೆಂದು ಇಟ್ಟುಕೊಂಡದ್ದು.

“ಅಮ್ಮಾ, ಈ ಸಲ ಕುಣಿತ ಬೇಡ. ವೇಷ ಬೇಡ. ಮಗೂಗೆ ಕಸ, ಕೊಳಕು ಅಂತ ಹೆಸರಿಡೋದು ಬೇಡ.”

“ಹುಚ್ಚು ಹುಚ್ಚಾಗಿ ಆಡ್ಬೇಡ ಕಣೇ.”

“ಮೊದಲನೇದಕ್ಕೆ ನೀನು ಎಷ್ಟು ಕುಣಿದೆ! ಉಳೀತಾ?”

“ಸಾಲಲಿಲ್ಲ ಅದು. ಇನ್ನೂ ಕುಣೀಬೇಕಿತ್ತು.”

“ನಾನು ನರ್ಸ್ ಅಮ್ಮಾ. ಅದು ಯಾಕೆ ಹೋಯ್ತು ಅಂತ ನಂಗೊತ್ತು. ನೀನು ಕುಣಿಯೋದನ್ನ ನೋಡ್ದಾಗೆಲ್ಲಾ ನಂಗೆ ಹೊಟ್ಟೇಲಿರೋದು ಆಗ್ಲೇ ಸತ್ತಿದೆ ಅನ್ಸುತ್ತೆ. ನಂಗೆ ತಡ್ಕೊಳ್ಳೋಕಾಗಲ್ಲ.” ತಾಯಿಯ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಒತ್ತಿಕೊಂಡಳು. “ಇದನ್ನ ಮುಟ್ಟಿ ಹೇಳು. ಕುಣಿಯಲ್ಲ ಅಂತ.”

ತೀದಾ ನನ್ನ ಮುಖ ನೋಡಿದಳು. ಮಗಳು ಹೇಳಿದ್ದು ನ್ಯಾಯವಾಗಿಯೇ ಇತ್ತು. ತೀದಾ ಹೇಳಿದಳು. ಹೇಳಿದ ಕೂಡಲೇ ಬೆಂಕಿ ತಾಕಿದವಳ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡಳು.

ಅಂದಿನಿಂದ ಆ ಹೆಂಗಸಿನ ಜೀವ ಜೀವದಲ್ಲಿರಲಿಲ್ಲ. ಕುಣಿದರೆ ಹೊಟ್ಟೆ ಮುಟ್ಟಿ ಇಟ್ಟ ಆಣೆ ಮುರಿಯುತ್ತದೆ, ಕುಣಿಯದಿದ್ದರೆ ಮಗುವಿಗೆ ಕಾವಲಿಲ್ಲ. ಎರಡರಲ್ಲಿ ಯಾವುದು ಮಗುವನ್ನು ತೆಗೆದುಕೊಂಡು ಹೋಗುತ್ತದೆ ಎಂದು ಲೆಕ್ಕ ಹಾಕುವುದೇ ಅವಳ ಕೆಲಸವಾಯಿತು. ಬೆಳಿಗ್ಗೆ ನಾನು ಇನ್ನೂ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು.

“ಅಕ್ಕಾ, ಅವಳು ಇವತ್ತು ಎದ್ದಾಗ ಸೊಂಟ ಹಿಡ್ಕೊಂಡ್ಲು. ಅದು ಒಳ್ಳೇದಾ, ಕೆಟ್ಟದ್ದಾ?”

“ನಾನೇನು ಸೂಲಗಿತ್ತಿನಾ? ಹೆತ್ತಿರೋಳು ನೀನು, ನಾನು ಮದುವೇನೂ ಆಗಿಲ್ಲ.”

“ಕಾಲು ಊದಿದೆ.”

“ಮಳೆಗಾಲ. ನನ್ನ ಕಾಲೂ ಊದಿದೆ.”

“ನಿನ್ನ ಕಾಲು ಯಾವನಿಗೆ ಬೇಕು!” ಎಂದು ಎದ್ದು ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಹಾಜರು.

ನಾನು ಗದರುತ್ತಿದ್ದೆ. ಆದರೆ ನಿಜ ಹೇಳುತ್ತೇನೆ, ಅವಳು ಹೋದ ಮೇಲೆ ನಾನೂ ಕಿಟಕಿಯಿಂದ ಸುಂತುವಿನ ಕಾಲು ನೋಡುತ್ತಿದ್ದೆ. ಸಂತೆಯಲ್ಲಿ ಮೀನು ಮಾರುವವಳೊಬ್ಬಳು “ನಿನ್ನ ಮಗಳು ಬಸಿರಲ್ಲಿ ಎಷ್ಟು ಕಳೆಯಾಗಿದಾಳೆ ತೀದಾ” ಎಂದಾಗ ಅವಳ ಪಕ್ಕದಲ್ಲೇ ನಿಂತಿದ್ದೆ. ಮೊದಲಾಗಿದ್ದರೆ ತೀದಾ ಉಗುಳಿ, ಮಗಳನ್ನು ಹತ್ತು ಮಾತು ಬೈದು, ಆ ದೃಷ್ಟಿ ತೆಗೆದುಬಿಡುತ್ತಿದ್ದಳು. ಈಗ ಬಾಯಿ ತೆರೆದಳು, ಆಣೆ ನೆನೆದು ಮುಚ್ಚಿದಳು. ಮನೆಗೆ ಬಂದು ನೋಡಿದರೆ ನಾಲಿಗೆ ಕಚ್ಚಿಕೊಂಡು ರಕ್ತ ಬಂದಿತ್ತು. ನದಿ ತುಂಬಿತು, ಅವಳ ಭತ್ತದ ಗದ್ದೆಗೆ ನೀರಾನೆ ನುಗ್ಗಿ ಅರ್ಧ ಪೈರು ತಿಂದು ಹೋಯಿತು. ಅದಕ್ಕೂ ಅವಳು ಬೈಯಲಿಲ್ಲ. ಊರಿನಲ್ಲಿ ನಡೆದ ಮದುವೆಗಳು ಸಪ್ಪೆಯಾದವು. ಕಮಿಷನರ್ ಎಲ್ಲಿ, ಕಮಿಷನರ್ ಎಲ್ಲಿ ಎಂದು ಜನ ಕೇಳಿದರು.

ಹೀಗಿರುವಾಗ ಸುಂತುವಿಗೆ ದಿನ ತುಂಬುತ್ತ ಬಂತು. ಅದೇ ವಾರ ಕರಾವಳಿಯಿಂದ ಒಂದು ದೋಣಿ ತುಂಬ ಪ್ರವಾಸಿಗರು ಬರುವವರಿದ್ದರು. ಪಂಚಾಯಿತಿಯವರಿಗೆ ಇಂಥ ದೋಣಿ ಬಂತೆಂದರೆ ಹಬ್ಬ. ಕಡಲೆಕಾಯಿ ಗೋದಾಮಿನ ಮುಂದೆ ನಿಲ್ಲಿಸಿ, ಇಲ್ಲೇ ಗುಲಾಮರನ್ನು ಸರಪಳಿ ಹಾಕಿ ಕಟ್ಟುತ್ತಿದ್ದರು ಎಂದು ಹೇಳಿ ಅಳಿಸುತ್ತಾರೆ. ಆ ಗೋಡೆ ಕಟ್ಟಿದ್ದು ಗುಲಾಮರ ಕಾಲ ಮುಗಿದ ಎಷ್ಟೋ ವರ್ಷದ ಮೇಲೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಹೇಳಿದರೆ ನನ್ನನ್ನು ತಲೆ ಕೆಟ್ಟ ಮುದುಕಿ ಎನ್ನುತ್ತಾರೆ, ಅದಕ್ಕೇ ಸುಮ್ಮನಿದ್ದೇನೆ. ಆಮೇಲೆ ನನ್ನ ಚರ್ಚು ತೋರಿಸುತ್ತಾರೆ. ಕೊನೆಗೆ ದಡದಲ್ಲಿ ಕಾನ್ಯಲೆಂಗ್ ಕುಣಿತ.

ಹಿಂದಿನ ದಿನ ಆ ಗುಂಪಿನ ಹಿರಿಯಳು ಸಿರ್ರೆ ಅಜ್ಜಿ ಕೋಲೂರಿಕೊಂಡು ತೀದಾಳ ಅಂಗಳಕ್ಕೆ ಬಂದಳು. ತೀದಾಳನ್ನು ಗುಂಪಿಗೆ ಸೇರಿಸಿಕೊಂಡವಳು, ಸುಂತುವನ್ನು ತನ್ನ ಕೈಯಾರೆ ತಿಪ್ಪೆಯ ಮೇಲೆ ಇಟ್ಟವಳು ಅವಳೇ.

“ಬಿಳೀ ಜನಕ್ಕೋಸ್ಕರ ಕರೀತಿಲ್ಲ ಕಣೇ ನಾನು. ಅವ್ರ ಮನೆ ಹಾಳಾಗ. ಡೋಲು ಡೋಲೇ. ಮೊಮ್ಮಗು ಒಳಗಿರೋವಾಗ ಡೋಲು ಕರೆದ್ರೆ ಕಾನ್ಯಲೆಂಗ್ ಮನೇಲಿ ಕೂರ್ತಾಳಾ?”

“ಆಣೆ ಇಟ್ಟಿದೀನಿ ಅಜ್ಜಿ.”

“ಯಾರಿಗೆ? ನಿನ್ನ ಮಗಳಿಗೆ! ಅವಳು ಇವತ್ತು ಆಣೆ ಹಾಕ್ಸೋಕೆ ಬದುಕಿರೋದು ಯಾವುದರಿಂದ ಅಂತ ಕೇಳು ಹೋಗು.”

ಆ ಮಾತು ಹೇಳಿ ಮುದುಕಿ ಹೋದಳು. ತೀದಾ ಅಂಗಳದಲ್ಲಿ ಹಾಗೇ ನಿಂತಿದ್ದಳು, ಒಲೆಯ ಮೇಲೆ ಅನ್ನ ಸೀಯುವ ವಾಸನೆ ನನ್ನ ಮನೆಯವರೆಗೆ ಬಂತು.

ಮರುದಿನ ಮಧ್ಯಾಹ್ನ ದೋಣಿಯ ಸಿಳ್ಳೆ ಕೇಳಿದ್ದೇ ತಡ, ಅವಳು ನನ್ನ ಮನೆಗೆ ಓಡಿಬಂದಳು. ಮುಖ ಬೂದಿ ಬಳಿದ ಹಾಗಿತ್ತು.

“ಅಕ್ಕಾ, ನನ್ನ ಒಳಗೆ ಹಾಕಿ ಬೀಗ ಹಾಕು.”

“ಏನೇ ಇದು?”

“ಡೋಲು ಶುರುವಾದ್ರೆ ನನ್ನ ಕಾಲು ನನ್ನ ಮಾತು ಕೇಳಲ್ಲ. ಇಷ್ಟು ವರ್ಷ ಕೇಳಿಲ್ಲ. ಹಾಕು, ದಮ್ಮಯ್ಯ ಅಂತೀನಿ.”

ಹಿಂದಿನ ಕೋಣೆಗೆ ಕಂಬಿ ಕಿಟಕಿ ಇದೆ, ಬಾಗಿಲು ಗಟ್ಟಿ. ಅವಳನ್ನು ಒಳಗೆ ಬಿಟ್ಟು, ಒಂದು ತಂಬಿಗೆ ನೀರಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಸೇರಿಸಿ ಚರ್ಚಿಗೆ ಹೋದೆ. ನನಗೇನೋ ಅದು ಜಾಣತನವಾಗಿಯೇ ಕಂಡಿತು.

ಚರ್ಚಿನಲ್ಲಿ ಒಬ್ಬ ಕೆಂಪು ಮುಖದವನು ಹಳೆಯ ಬೆಂಚಿನ ಮೇಲೆ ಕೈಯಾಡಿಸುತ್ತಿದ್ದ. ದಡದಲ್ಲಿ ಡೋಲು ಶುರುವಾಗಿತ್ತು. ಅಷ್ಟರಲ್ಲಿ ಆಸ್ಪತ್ರೆಯ ಆಯಾ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಳು. “ಟೀಚರಮ್ಮಾ, ಸುಂತು ಅಕ್ಕಂಗೆ ರಕ್ತ ಹೋಗ್ತಾ ಇದೆ. ದಕ್ಷಿಣದ ದಡದ ದೊಡ್ಡಾಸ್ಪತ್ರೆಗೆ ಒಯ್ತಾರೆ, ವ್ಯಾನು ರೆಡಿ ಇದೆ. ಅಮ್ಮ ಎಲ್ಲಿ ಅಮ್ಮ ಎಲ್ಲಿ ಅಂತಿದಾಳೆ. ಮನೇಲಿ ಇಲ್ಲ, ಗದ್ದೇಲಿ ಇಲ್ಲ, ಕುಣಿಯೋ ಕಡೇನೂ ಇಲ್ಲ!”

ನನ್ನ ಜೇಬಿನಲ್ಲಿದ್ದ ಬೀಗದ ಕೈ ಕಾದ ಕೆಂಡದ ಹಾಗಾಯಿತು. ಮಂಡಿ ನೋವಿನ ಕಾಲಿನಲ್ಲಿ ಎಷ್ಟು ಓಡಬಹುದೋ ಅಷ್ಟು ಓಡಿದೆ. ಒಂದು ಸಲ ಬಿದ್ದೆ. ನಮ್ಮ ಬೀದಿ ಇಷ್ಟು ಉದ್ದ ಯಾವಾಗ ಆಯಿತು ಎಂದು ಶಪಿಸುತ್ತ ಓಡಿದೆ. ಬೀಗದ ಕೈಯನ್ನು ಎರಡು ಸಲ ತಪ್ಪಾಗಿ ತೂರಿಸಿ ಮೂರನೆಯ ಸಲಕ್ಕೆ ತಿರುಗಿಸಿದೆ.

ಬಾಗಿಲು ತೆಗೆದರೆ ತೀದಾ ನೆಲದ ಮೇಲೆ ಕೂತಿದ್ದಾಳೆ. ಬೀಗವೂ ಸಾಲದೆಂದು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ತನ್ನ ಎರಡೂ ಕಾಲನ್ನು ತಾನೇ ಬಿಗಿದು ಕಟ್ಟಿಕೊಂಡಿದ್ದಾಳೆ!

“ಸುಂತು,” ಎಂದೆ. ಮುಂದೆ ಹೇಳಬೇಕಾಗಲಿಲ್ಲ. ಅವಳು ಗಂಟಿಗೆ ಕೈ ಹಾಕಿದಳು. ಬೆವರಿಗೆ ನೆನೆದ ಗಂಟು ಬಿಚ್ಚಲಿಲ್ಲ. ನಾನು ಹಲ್ಲು ಹಾಕಿದೆ, ಅವಳು ಉಗುರು ಹಾಕಿದಳು, ಕೊನೆಗೆ ಅಡುಗೆಮನೆಯ ಚಾಕು ತಂದು ಕೊಯ್ದೆ. ಅವಳ ಹಿಮ್ಮಡಿಗೂ ತಾಗಿತು, ಅವಳಿಗೆ ಗೊತ್ತಾಗಲಿಲ್ಲ.

ಆಸ್ಪತ್ರೆಗೆ ದಾರಿ ದಡದ ಮೇಲೆಯೇ. ಜನ ಕಿಕ್ಕಿರಿದಿದ್ದರು. ತೀದಾಳನ್ನು ಕಂಡದ್ದೇ ಹೋ ಎಂದು ಕೂಗೆದ್ದಿತು. “ಕಮಿಷನರ್ ಬಂದ್ಲು! ಕಮಿಷನರ್!” ಕಾನ್ಯಲೆಂಗ್ ಹೆಂಗಸರು ಕೋಲು ತಟ್ಟುತ್ತ ಸುತ್ತುವರಿದರು. ಪ್ರವಾಸಿಗರು ಫೋನ್ ಎತ್ತಿ ಹಿಡಿದರು. ಬಿಚ್ಚಿದ ತಲೆ, ರಕ್ತ ಬರುವ ಕಾಲು, ಇದೂ ವೇಷವೇ ಎಂದುಕೊಂಡರು. ಸಿರ್ರೆ ಅಜ್ಜಿ ತನ್ನ ತಲೆಯ ಮೇಲಿದ್ದ ಸೋರೆಬುರುಡೆ ತೆಗೆದು ತೀದಾಳ ತಲೆಗೆ ಇಟ್ಟಳು. ಡೋಲಿನ ಪೆಟ್ಟು ಏರಿತು.

ತೀದಾಳ ಒಂದು ಕಾಲು ನೆಲ ಬಿಟ್ಟು ಮೇಲೆದ್ದದ್ದನ್ನು ನಾನು ಕಣ್ಣಾರೆ ಕಂಡೆ. ಈಗ ಕುಣಿದುಬಿಡುತ್ತಾಳೆ ಎಂದುಕೊಂಡೆ. ಕುಣಿಯಲಿ ಎಂದೂ ಒಂದು ಮನಸ್ಸು ಹೇಳಿತು, ಮೆಥೋಡಿಸ್ಟ್ ಮನಸ್ಸೇ! ಅವಳು ಆ ಕಾಲನ್ನು ಮೆಲ್ಲನೆ ಕೆಳಗಿಟ್ಟಳು. ಬುರುಡೆ ತೆಗೆದು ಅಜ್ಜಿಯ ಕೈಗೆ ಕೊಟ್ಟಳು.

“ದಾರಿ ಬಿಡ್ರೇ,” ಎಂದಳು. “ನನ್ನ ಮಗಳು ಸಾಯ್ತಿದಾಳೆ, ದಾರಿ ಬಿಡಿ.”

ಡೋಲು ನಿಂತಿತು. ಜನ ಸರಿದರು.

ವ್ಯಾನಿನಲ್ಲಿ ಸುಂತು ಕಣ್ಣು ಮುಚ್ಚಿ ಮಲಗಿದ್ದಳು. ತುಟಿಗೆ ಬಣ್ಣವೇ ಇರಲಿಲ್ಲ. ಆಯಾಗೆ ಏನು ಮಾಡಬೇಕೆಂದು ಅವಳೇ ಹೇಳುತ್ತಿದ್ದಳು, ಬೇರೆ ಯಾರದೋ ಮೈಯ ವಿಷಯ ಹೇಳುವ ಹಾಗೆ. ತಾಯಿ ಕೈ ಹಿಡಿದಾಗ ಕಣ್ಣು ತೆರೆದು ಒಂದು ಸಲ ನೋಡಿದಳು, ಆಮೇಲೆ ಅವಳ ಕಾಲಿನ ಕಡೆ ನೋಡಿದಳು. ತೀದಾ ತುಟಿ ಬಿಗಿಹಿಡಿದು ಕೂತಿದ್ದಳು. ಸೇತುವೆಯ ಮೇಲೆ ವ್ಯಾನು ಕುಲುಕಿದಾಗಲೆಲ್ಲ ಸುಂತು ನರಳಿದಳು, ತೀದಾಳ ಭುಜ ಹಾರಿತು.

ದೊಡ್ಡಾಸ್ಪತ್ರೆಯಲ್ಲಿ ಅವಳನ್ನು ನೇರ ಒಳಗೆ ಒಯ್ದರು. ನಾವಿಬ್ಬರೂ ಮೊಗಸಾಲೆಯ ನೆಲದ ಮೇಲೆ ಕೂತೆವು. ತೀದಾ ತನ್ನ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತಳು. ಅವಳ ಗಂಟಲಿನಿಂದ ಆಗಾಗ ಒಂದು ಸದ್ದು ಹೊರಡುತ್ತಿತ್ತು, ಕಮಿಷನರ್ ಕೆಮ್ಮುವ ಕೆಮ್ಮಿನ ಮೊದಲ ತುಣುಕು. ನುಂಗಿಕೊಳ್ಳುತ್ತಿದ್ದಳು. ನಾನು ಕೀರ್ತನೆ ಹೇಳಿಕೊಳ್ಳಲು ನೋಡಿದೆ, ಒಂದು ಸಾಲೂ ನೆನಪಿಗೆ ಬರಲಿಲ್ಲ. ಒಳಗಿನಿಂದ ಒಬ್ಬರು ಓಡಿ ಬಂದರು, ಮತ್ತೊಬ್ಬರು ಓಡಿ ಹೋದರು. ಯಾರೂ ನಮ್ಮ ಮುಖ ನೋಡಲಿಲ್ಲ.

“ಅಕ್ಕಾ, ಈಗ್ಲೂ ಹೊತ್ತು ಮೀರಿಲ್ಲ. ಎದ್ದು ಒಂದೇ ಒಂದು ಸುತ್ತು ಹಾಕ್ಲಾ?” ಎಂದಳು. ನಾನು ಉತ್ತರ ಕೊಡುವ ಮೊದಲೇ, “ಬೇಡ, ಬೇಡ. ಮುಟ್ಟಿ ಹೇಳಿದೀನಿ” ಎಂದು ತಲೆ ಗೋಡೆಗೆ ಒತ್ತಿಕೊಂಡಳು.

ಕೊನೆಗೆ ಒಬ್ಬ ನರ್ಸ್ ಬಂದು ಹೆಣ್ಣು ಮಗು, ಕೊಯ್ದು ತೆಗೆದೆವು, ಇಬ್ಬರೂ ಇದ್ದಾರೆ ಎಂದಳು. ತೀದಾ ದೇವರನ್ನು ನೆನೆಯಲಿಲ್ಲ, ನರ್ಸಿನ ಕೈ ಹಿಡಿಯಲಿಲ್ಲ. “ಅಳ್ತಾ ಇದೆಯಾ?” ಎಂದು ಮಾತ್ರ ಕೇಳಿದಳು.

“ಕಿವಿ ತೂತಾಗೋ ಹಾಗೆ,” ಎಂದಳು ನರ್ಸ್.

ಮನೆಗೆ ಬಂದ ಮೇಲೆ ತೀದಾ ಬೇರೆಯೇ ಹೆಂಗಸಾದಳು. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು, ಮೆಲ್ಲಗೆ ಹೇಳಿದಳು. “ನಾನು ಕುಣೀಲಿಲ್ಲ. ಆದ್ರೂ ಉಳೀತು.”

“ಹೂಂ.”

“ಹಂಗಾದ್ರೆ ಅಕ್ಕಾ, ಆ ನಾಲ್ಕು ಹೋದ್ವಲ್ಲ, ನಾನೇನೋ ಮಾಡ್ದೆ ಅಂತ ಹೋಗಿದ್ದಲ್ಲ. ನಾನೇನೋ ಮಾಡ್ಲಿಲ್ಲ ಅಂತಾನೂ ಅಲ್ಲ.”

ಆಗ ಅತ್ತಳು. ಮೂವತ್ತು ವರ್ಷ ತಡೆದಿಟ್ಟದ್ದು ಅದು. ನಾನು ಪಕ್ಕದಲ್ಲಿ ಕೂತೆ. ನನಗೂ ಅಳು ಬಂತು, ಅದರಲ್ಲಿ ಮುಚ್ಚಿಡುವುದೇನಿದೆ.

ಎಂಟನೆಯ ದಿನದ ನಾಮಕರಣಕ್ಕೆ ಅವಳು ಬಿಳಿ ಲೇಸಿನ ನಿಲುವಂಗಿ ಹೊಲಿಸಿದಳು. ಊರೆದುರು ಮೊಮ್ಮಗಳನ್ನು ಹೊಗಳುತ್ತೇನೆ ಎಂದು ಪಟ್ಟು ಹಿಡಿದಳು. ಆದರೆ ಹೊಗಳಿ ಅಭ್ಯಾಸವೇ ಇಲ್ಲವಲ್ಲ! ನನ್ನ ಮೇಲೆ ಪ್ರಯೋಗ ನಡೆಯಿತು. “ಅಕ್ಕಾ, ನೀನು ಚೆ... ಚೆ...” ಎಂದು ತಡವರಿಸಿ, “ಥೂ, ನಿನ್ನ ಮುಖ ನೋಡ್ತಾ ಹೇಳೋಕಾಗಲ್ಲ, ಆ ಕಡೆ ತಿರುಗು” ಎನ್ನುತ್ತಿದ್ದಳು. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಅವಳನ್ನು ಅಷ್ಟು ಹಗುರಾಗಿ ನಾನು ಹಿಂದೆಂದೂ ಕಂಡಿರಲಿಲ್ಲ.

ನಾಮಕರಣದ ದಿನ ಅಂಗಳದ ತುಂಬ ಚಾಪೆ ಹಾಸಿದ್ದರು. ಬಾಸ್ಸೆಯಿಂದ ಫೋಡೇ ಮತ್ತು ಅವನ ತಾಯಿ ಹಾಜಾ ದಾದೊ ಬಂದಿದ್ದರು. ಇಮಾಮರು ಮಗುವಿನ ಕಿವಿಯಲ್ಲಿ ಹೆಸರು ಉಸುರಿ, ಆಮೇಲೆ ಗಟ್ಟಿಯಾಗಿ ಸಾರಿದರು. ಫೋಡೇಯ ಅಜ್ಜಿಯ ಹೆಸರು, ಒಳ್ಳೆಯ ಹೆಸರು. ಕೋಲಾ ಬೀಜ, ಅಕ್ಕಿಹಿಟ್ಟು ಸಕ್ಕರೆಯ ಉಂಡೆ ಹಂಚಿದರು. ಗಂಡಸರು ಎದ್ದು ಹೋದ ಮೇಲೆ ಹೆಂಗಸರು ಹತ್ತಿರ ಸರಿದರು. ತೀದಾ ಲೇಸಿನ ಅಂಗಿ ಸರಿಮಾ‍ಡಿಕೊಂಡು, ಗಂಟಲು ಸರಿಮಾಡಿಕೊಂಡು, ನನ್ನತ್ತ ಒಂದು ಕಳ್ಳ ನೋಟ ಬೀರಿದಳು.

ಅವಳಿಗಿಂತ ಮೊದಲು ಹಾಜಾ ದಾದೊ ಮಗುವನ್ನು ಎತ್ತಿಕೊಂಡಳು. ಒಳ್ಳೆಯ ಹೆಂಗಸು, ಕಣ್ಣಲ್ಲಿ ನೀರು ತುಂಬಿತ್ತು. “ಅಯ್ಯೋ ನನ್ನ ಬಂಗಾರವೇ! ಇಂಥ ಚೆಂದದ ಮಗೂನ ನಮ್ಮ ವಂಶದಲ್ಲೇ ನೋಡಿರ್ಲಿಲ್ಲ.”

“ಎಲ್ಲಿ ಚೆಂದ?”

ಹೇಳಿದ್ದು ತೀದಾ ಅಲ್ಲ. ದಿಂಬಿಗೊರಗಿದ್ದ ಸುಂತು. ಧ್ವನಿ ಒಡೆದಿತ್ತು. “ಸುಟ್ಟ ಗೆಣಸಿನ ಹಾಗಿದೆ. ಯಾರಿಗೂ ಬೇಡದ್ದು ಅದು. ಕೆಳಗೆ ಹಾಕಿ ಅತ್ತೆ. ಎತ್ಕೋಬೇಡಿ, ಕೆಳಗೆ ಹಾಕಿ!”

ಹಾಜಾ ದಾದೊ ಬೆಪ್ಪಾಗಿ ಮಗುವನ್ನು ಎದೆಗೆ ಹಿಡಿದು ನಿಂತಳು. ತೀದಾ ಮೊಣಕಾಲೂರಿ ಮಗಳ ಹತ್ತಿರ ಸರಿದಳು.

“ಬೇಡ ಮಗಾ. ಬೇಡ. ನಾನು ನೋಡಿದೀನಿ, ಅದ್ಯಾವುದೂ ಬೇಕಾಗಿಲ್ಲ. ನಾನು ಸುಮ್ನೆ ಇದ್ದೆ, ಆದ್ರೂ ಉಳೀತಲ್ಲ.”

“ನಿಂಗೆ ಬೇಕಾಗಿಲ್ದೆ ಇರ್ಬೋದು.” ಸುಂತುವಿನ ಕೈ ಹೊದಿಕೆಯನ್ನು ಹಿಂಡುತ್ತಿತ್ತು. “ವ್ಯಾನಲ್ಲಿ ರಕ್ತ ಹೋಗ್ತಾ ಇದ್ದಾಗ ನಾನು ಏನು ಅಂದ್ಕೋತಿದ್ದೆ ಗೊತ್ತಾ ಅಮ್ಮಾ? ಇವಳ್ಯಾಕೆ ಸುಮ್ನೆ ಕೂತಿದಾಳೆ, ಇವಳ್ಯಾಕೆ ಕುಣೀತಿಲ್ಲ ಅಂತ.”

“ನೀನೇ ಅಲ್ವೇನೇ ಆಣೆ ಹಾಕ್ಸಿದ್ದು?”

“ನಾನೇ. ಆದ್ರೂ ಕುಣೀಲಿ ಅನ್ನಿಸ್ತು. ಈಗ ಯಾರಾದ್ರೂ ಇದನ್ನ ಮುದ್ದಾಗಿದೆ ಅಂದ್ರೆ ನಂಗೆ ಉಸಿರು ಕಟ್ಟುತ್ತೆ. ನಾನು ನರ್ಸು, ನಂಗೆ ಎಲ್ಲಾ ಗೊತ್ತು. ಗೊತ್ತಿದ್ರೂ ನನ್ನ ಕೈಲಿ ಆಗ್ತಿಲ್ಲ.”

ತೀದಾಳ ಮುಖವನ್ನು ನಾನು ಆಗ ನೋಡಿದ ಹಾಗೆ ಇನ್ನು ಯಾವತ್ತೂ ನೋಡದಿರಲಿ. ತನ್ನ ಮೈಯಿಂದ ಇಳಿದುಹೋಯಿತು ಎಂದುಕೊಂಡಿದ್ದ ಭೂತ ಮಗಳ ಹೆಗಲ ಮೇಲೆ ಕೂತದ್ದನ್ನು ಅವಳು ನೋಡುತ್ತಿದ್ದಳು. ಹೊಗಳಲೆಂದು ಕಲಿತ ಮಾತು ಬಾಯಲ್ಲೇ ಉಳಿಯಿತು. ಲೇಸಿನ ತೋಳಿನಿಂದ ಕಣ್ಣೊರೆಸಿಕೊಂಡಳು, ಮೂಗೊರೆಸಿಕೊಂಡಳು.

“ಗೆಣಸು ಅಂದ್ರೆ ಯಾರು ನಂಬ್ತಾರೆ?” ಎಂದಳು. “ಗೆಣಸು ಸುಟ್ರೆ ರುಚಿಯಾಗಿರುತ್ತೆ. ಬೈಯೋದಾದ್ರೆ ಸರಿಯಾಗಿ ಬೈಬೇಕು. ಎಲ್ಲಿ, ನನ್ನ ಹಿಂದೆ ಹೇಳು. ಹಳೇ ಚಪ್ಪಲಿ.”

“ಹಳೇ ಚಪ್ಪಲಿ,” ಎಂದಳು ಸುಂತು.

“ಕೊಳೆತ ಮೀನಿನ ತಲೆ.”

“ಕೊಳೆತ ಮೀನಿನ ತಲೆ.”

“ಇನ್ನೂ ಗಟ್ಟಿಯಾಗಿ. ಬೀದಿಗೆ ಕೇಳ್ಬೇಕು.”

ತಾಯಿ ಒಂದೊಂದಾಗಿ ಹೇಳಿಕೊಟ್ಟಳು, ಮಗಳು ಒಂದೊಂದಾಗಿ ಹೇಳಿದಳು. ಹಾಜಾ ದಾದೊ ಮಗುವನ್ನು ಮೆಲ್ಲಗೆ ತಂದು ಬರೀ ಚಾಪೆಯ ಮೇಲೆ ಮಲಗಿಸಿ, ಯಾರದ್ದೋ ವಸ್ತು ಇಟ್ಟ ಹಾಗೆ ಇಟ್ಟು, ದೂರ ಸರಿದು ನಿಂತಳು.